ಮೊದಲು ನೀರು ಹೋಗುವ ದಾರಿ

ಅಫಜಲಪುರ ತಾಲ್ಲೂಕಿನ ನಮ್ಮ ದೊಡ್ಡವ್ವನ ಮನೆಗೆ ಒಂದು ಯುಗಾದಿಗೆ ಬಟ್ಟೆ ಒಗೆಯುವ ಮಷೀನು ಬಂತು. ಮಗ ಕಲಬುರಗಿಯಿಂದ ಟಂಟಂನಲ್ಲಿ ಹೇರಿಸಿಕೊಂಡು ತಂದಿದ್ದ. ಪಡಸಾಲೆಯಲ್ಲಿ ಇಳಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದದ್ದೂ ಆಯಿತು. ಆಗ ದೊಡ್ಡವ್ವ ಕೇಳಿದ್ದು ಒಂದೇ ಮಾತು: ‘ಯಪ್ಪಾ, ಇದರಾಗಿನ ನೀರ ಎಲ್ಲಿಗಿ ಹೋಗಬೇಕು?’ ಯಾರ ಹತ್ತಿರವೂ ಉತ್ತರವಿರಲಿಲ್ಲ. ಮೂರು ತಿಂಗಳು ಆ ಮಷೀನು ಹಳೆಯ ದುಪ್ಪಡಿ ಹೊದ್ದುಕೊಂಡು ಪಡಸಾಲೆಯ ಮೂಲೆಯಲ್ಲೇ ನಿಂತಿತ್ತು. ಮೇಲೆ ಮೊಮ್ಮಕ್ಕಳ ಪಾಟಿಚೀಲ, ಪಕ್ಕದಲ್ಲಿ ಜೋಳದ ಚೀಲ. ದೊಡ್ಡವ್ವ ಎಂದಿನಂತೆ ಬಚ್ಚಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಗೆಯುತ್ತಿದ್ದಳು.

ಆಳಂದ, ಅಫಜಲಪುರ, ಜೇವರ್ಗಿಯ ಎಷ್ಟೋ ಮನೆಗಳಲ್ಲಿ ಇದೇ ಸ್ಥಿತಿ. ಮಷೀನು ಕೊಳ್ಳುವ ಶಕ್ತಿ ಬಂದಿದೆ, ಅದನ್ನು ಇಡುವ ಜಾಗದ ಯೋಚನೆ ಇನ್ನೂ ಬಂದಿಲ್ಲ. ಹೊಸ ಮನೆ ಕಟ್ಟುವವರು ದೇವರ ಕೋಣೆ, ಅಡುಗೆಕಟ್ಟೆ, ಟಿವಿ ಗೋಡೆ ಎಲ್ಲವನ್ನೂ ಗೌಂಡಿಗೆ ಬಿಡಿಸಿ ಹೇಳುತ್ತಾರೆ. ಬಟ್ಟೆ ಒಗೆಯುವ ಜಾಗ ಬಂದಾಗ ‘ಹಿತ್ತಲದಾಗ ಎಲ್ಲೆರ ಮಾಡಿದರಾತು’ ಎಂದು ಮುಗಿಸುತ್ತಾರೆ. ವಾರಕ್ಕೆ ಮೂರು ನಾಲ್ಕು ದಿನ, ದಿನಕ್ಕೆ ಎರಡು ತಾಸು, ಮನೆಯ ಹೆಣ್ಣುಮಕ್ಕಳ ಬೆನ್ನು ಬಾಗುವ ಜಾಗ ಅದು. ಅದನ್ನು ಹೊಸದಾಗಿ ಕಟ್ಟುವವರೂ ಹಳೆಯ ಬಚ್ಚಲನ್ನು ರಿಪೇರಿ ಮಾಡಿಸುವವರೂ ಯೋಚನೆಯನ್ನು ಎಲ್ಲಿಂದ ಶುರು ಮಾಡಬೇಕು? ದೊಡ್ಡವ್ವ ಕೇಳಿದ ಪ್ರಶ್ನೆಯಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಮಷೀನಿನ ಆಯ್ಕೆ ಕಡೆಗೆ ಬರಲಿ. ನಳ ಎಲ್ಲಿ ಎಂಬುದೂ ಆಮೇಲೆ. ಮೊದಲು ನೀರು ಹೋಗುವ ದಾರಿ.

ಕಾರಣ ನಮ್ಮ ಕಾಲ ಕೆಳಗಿನ ಮಣ್ಣಿನಲ್ಲಿದೆ. ಈ ಮೂರೂ ತಾಲ್ಲೂಕುಗಳ ಬಹುಪಾಲು ಎರಿ ಭೂಮಿ. ತೊಗರಿ, ಜೋಳಕ್ಕೆ ತಾಯಿಯಂಥ ಈ ಮಣ್ಣು ಮನೆಯ ತಳಪಾಯಕ್ಕೆ ಮಲತಾಯಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟ ನೆಲವನ್ನು ಇಲ್ಲಿ ಯಾರು ನೋಡಿಲ್ಲ! ಗೋಡೆಯ ಬುಡದಲ್ಲಿ ದಿನವೂ ಒಗೆದ ನೀರು ನಿಂತರೆ ಆ ಒಂದು ಮೂಲೆಯ ಮಣ್ಣು ಉಬ್ಬುತ್ತದೆ, ಉಳಿದ ಮೂರು ಮೂಲೆಗಳು ಒಣಗಿಯೇ ಇರುತ್ತವೆ. ಕಟ್ಟಡ ಒಂದು ಕಡೆ ಎತ್ತಿ ಒಂದು ಕಡೆ ಕುಸಿದಂತಾಗಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಬಿರುಕು ಕಂಡಾಗ ಸಿಮೆಂಟು ಕಡಿಮೆ ಹಾಕಿದನೆಂದು ಗೌಂಡಿಯನ್ನು ಬೈಯುತ್ತೇವೆ. ಬಚ್ಚಲ ನೀರು ಎಲ್ಲಿ ನಿಲ್ಲುತ್ತಿದೆ ಎಂದು ಒಮ್ಮೆ ಹಿಂದೆ ಹೋಗಿ ನೋಡುವುದು ಅದಕ್ಕಿಂತ ಒಳ್ಳೆಯದು.

ಹಾಗಾದರೆ ಇಂಗುಗುಂಡಿ ತೋಡಿದರಾಯಿತಲ್ಲ ಎನ್ನಬಹುದು. ಉದ್ಯೋಗ ಖಾತ್ರಿಯಲ್ಲಿ ಊರೂರಿಗೆ ಬಚ್ಚಲು ಗುಂಡಿ ತೋಡಿಸಿದ್ದು ನೆನಪಿರಬಹುದು. ಆ ಗುಂಡಿಗಳು ಕೆಲವು ಮನೆಗಳಲ್ಲಿ ವರ್ಷಗಟ್ಟಲೆ ನಡೆದವು, ಕೆಲವು ಕಡೆ ಒಂದೇ ಮಳೆಗಾಲಕ್ಕೆ ತುಂಬಿ ನಾರತೊಡಗಿದವು. ವ್ಯತ್ಯಾಸ ಇಷ್ಟೇ: ಎರಿ ಮಣ್ಣು ನೀರನ್ನು ಹಿಡಿದುಕೊಳ್ಳುತ್ತದೆ, ಬೇಗ ಇಂಗಿಸುವುದಿಲ್ಲ. ಗುಂಡಿ ಎರಿಯಲ್ಲೇ ನಿಂತರೆ ಅದು ಬರೀ ತೊಟ್ಟಿ. ಎರಿಯನ್ನು ದಾಟಿ ಕೆಳಗಿನ ಗರಸು ಸಿಗುವವರೆಗೆ ತೋಡಿದರೆ ನೀರಿಗೆ ದಾರಿ ಸಿಗುತ್ತದೆ. ನಿಮ್ಮ ಓಣಿಯಲ್ಲಿ ಎರಿ ಎಷ್ಟು ಅಡಿ ಇದೆ ಎಂಬುದನ್ನು ಯಾವ ನಕ್ಷೆಯಲ್ಲೂ ಹುಡುಕಬೇಕಿಲ್ಲ. ಪಕ್ಕದ ಮನೆಯ ತಳಪಾಯ ತೋಡಿದವರನ್ನು ಕೇಳಿದರೆ ಸಾಕು. ಗುಂಡಿ ಗೋಡೆಯಿಂದ ಹತ್ತು ಅಡಿಯಾದರೂ ದೂರವಿರಲಿ, ಬಾವಿ ಅಥವಾ ಬೋರಿನಿಂದ 50 ಅಡಿ. ಜಾಗವಿದ್ದವರಿಗೆ ಇದಕ್ಕಿಂತ ಸರಳವಾದದ್ದು ನಾಲ್ಕು ಬಾಳೆ ಗಿಡ. ಬಾಳೆ ದಿನವೂ ನೀರು ಕುಡಿಯುತ್ತದೆ, ಸೋಪಿನ ನೀರಿಗೂ ತಕ್ಕಮಟ್ಟಿಗೆ ಒಗ್ಗುತ್ತದೆ. ಮೆಂತ್ಯೆ, ಪುಂಡಿಪಲ್ಯದ ಮಡಿಗೆ ಮಾತ್ರ ಈ ನೀರು ಬೇಡ. ಸೋಪಿನ ಪುಡಿಯಲ್ಲಿ ಸೋಡಿಯಂ ಇರುತ್ತದೆ. ಅದು ಒಂದೇ ಕಡೆ ಬೀಳುತ್ತಿದ್ದರೆ ಎರಿ ಮಣ್ಣು ಗಟ್ಟಿಗೊಂಡು ಸವಳಾಗುತ್ತದೆ. ಬಿಳಿ ಬಟ್ಟೆಗೆ ಬ್ಲೀಚ್ ಹಾಕಿದ ದಿನ ಆ ನೀರನ್ನು ಬಾಳೆಗೂ ಬಿಡಬೇಡಿ.

ದಾರಿ ಗೊತ್ತಾದ ಮೇಲೆ ವಾಟ. ನೆಲದ ಇಳಿಜಾರಿಗೆ ನಮ್ಮ ಗೌಂಡಿಗಳು ಹೇಳುವ ಮಾತು ಅದು. ಅಡಿಗೆ ಕಾಲಿಂಚು ಇಳಿದರೆ ನೀರು ನಿಲ್ಲದೆ ಸಾಗುತ್ತದೆ, ಕಾಲೂ ಜಾರುವುದಿಲ್ಲ. ಎಂಟು ಅಡಿ ಉದ್ದದ ಜಾಗಕ್ಕೆ ಎರಡು ಇಂಚು ಇಳಿತ. ಇದನ್ನು ಫರಸಿ ಹಾಕುವಾಗ ನೆನಪಿಸಿದರೆ ತಡ, ಕೆಳಗಿನ ಹಾಸು ಹಾಕುವಾಗಲೇ ಹೇಳಬೇಕು. ನೀರು ಹೊರಗೆ ಬೀಳುವ ಬಾಯಿಗೆ ನಾನಿ ಟ್ರ್ಯಾಪ್ ಹಾಕಿಸಿ. ಅದರ ಬಾಗಿದ ಕುತ್ತಿಗೆಯಲ್ಲಿ ಎರಡು ಇಂಚಿನಷ್ಟು ನೀರು ಸದಾ ನಿಂತಿರುತ್ತದೆ. ಮೋರಿಯ ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು ಆ ನಿಂತ ನೀರೇ. ಬಹಳ ದಿನ ಊರಿಗೆ ಹೋಗಿ ಬಂದಾಗ ಬಚ್ಚಲು ನಾರಿದರೆ ಟ್ರ್ಯಾಪಿನ ನೀರು ಆರಿದೆ ಎಂದರ್ಥ. ಒಂದು ತಂಬಿಗೆ ನೀರು ಸುರಿದರೆ ವಾಸನೆ ನಿಲ್ಲುತ್ತದೆ.

ಇನ್ನು ಬರುವ ನೀರು. ಆಳಂದದವರಿಗೆ ಅಮರ್ಜಾ, ಅಫಜಲಪುರ ಮತ್ತು ಜೇವರ್ಗಿಯವರಿಗೆ ಭೀಮೆ. ಎರಡೂ ದೇವಲ ಗಾಣಗಾಪುರದಲ್ಲಿ ಕೂಡುತ್ತವೆ. ಆದರೆ ಹೊಳೆಯ ನೀರು ಎಲ್ಲ ಮನೆಗೆ ಎಲ್ಲ ದಿನ ಬರುವುದಿಲ್ಲ. ಬೇಸಿಗೆಯಲ್ಲಿ ಭೀಮೆಯ ಪಾತ್ರದಲ್ಲಿ ಮರಳು, ಬಂಡೆ ಕಾಣುವಾಗ ಮನೆಗಳು ಬೋರಿನ ಕಡೆ ತಿರುಗುತ್ತವೆ. ಬೋರಿನ ನೀರು ಬಹಳ ಕಡೆ ಸವಳು. ಕಲ್ಲಿನ ಪದರಗಳ ನಡುವೆ ಇಳಿದು ಬರುವ ನೀರು ದಾರಿಯಲ್ಲಿ ಸುಣ್ಣದ ಅಂಶವನ್ನು ಕರಗಿಸಿಕೊಂಡು ಬರುತ್ತದೆ. ಆ ನೀರಿನಲ್ಲಿ ಸೋಪು ತಿಕ್ಕಿದಾಗ ನೊರೆ ಬರುವ ಬದಲು ಮೊಸರೊಡೆದಂತೆ ಬಿಳಿ ಗಸಿ ಬರುತ್ತದೆ. ಸೋಪು ಕೊಳೆಯನ್ನು ಹಿಡಿಯುವ ಮೊದಲೇ ಸುಣ್ಣವನ್ನು ಹಿಡಿದುಕೊಂಡು ಕೂತಿರುತ್ತದೆ. ಬಿಳಿ ಧೋತರ ನಾಲ್ಕು ಒಗೆತಕ್ಕೆ ಬೂದಿ ಬಣ್ಣಕ್ಕೆ ತಿರುಗುವುದಕ್ಕೆ ಇದೇ ಕಾರಣ. ಬಟ್ಟೆಯ ನೂಲಿನಲ್ಲಿ ಉಳಿದದ್ದು ಕೊಳೆಯಲ್ಲ, ಆ ಗಸಿ.

ನಿಮ್ಮ ಮನೆಯ ನೀರು ಹೇಗಿದೆ ಎಂದು ತಿಳಿಯಲು ಎರಡು ಪಾರದರ್ಶಕ ಬಾಟಲಿ ಸಾಕು. ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಹಿಡಿದಿಟ್ಟ ಮಳೆನೀರು, ಅರ್ಧರ್ಧ. ಎರಡಕ್ಕೂ ಒಂದೇ ಅಳತೆಯಲ್ಲಿ ಬಟ್ಟೆ ಸೋಪಿನ ಚೂರು ಹಾಕಿ ಜೋರಾಗಿ ಅಲ್ಲಾಡಿಸಿ. ಮಳೆನೀರಿನ ಬಾಟಲಿ ನೊರೆಯಿಂದ ತುಂಬುತ್ತದೆ. ಇನ್ನೊಂದರಲ್ಲಿ ಎಷ್ಟು ಕಡಿಮೆ ನೊರೆಯೋ ಅಷ್ಟು ಗಡಸು ನೀರು. ಲೆಕ್ಕ ಬೇಕೆನ್ನುವವರು ಗ್ರಾಮ ಪಂಚಾಯಿತಿಯಲ್ಲಿ ಕೇಳಿ ನೋಡಬಹುದು. ಜಲ ಜೀವನ ಮಿಷನ್ ಅಡಿ ಹಳ್ಳಿಗಳಿಗೆ ನೀರು ಪರೀಕ್ಷಿಸುವ ಕಿಟ್ ಕೊಟ್ಟು, ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ವ್ಯವಸ್ಥೆ ಮಾಡಲಾಗಿದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. 600ರ ನೀರು ಕುಡಿಯಲು ನಡೆದೀತು, ಸೋಪಿಗೆ ಮಾತ್ರ ನಡೆಯುವುದಿಲ್ಲ.

ಇಲ್ಲೊಂದು ಹಳೆಯ ಜಾಣತನವನ್ನು ಹೇಳಲೇಬೇಕು. ಅಗಸರು ಹಿಂದೆ ಸವಳು ಮಣ್ಣನ್ನು ತಂದು ಬಟ್ಟೆಗೆ ಹಾಕಿ ಬೇಯಿಸುತ್ತಿದ್ದರು. ಹೊಲ ಕೆಡಿಸುವ ಮಣ್ಣು ಬಟ್ಟೆಗೆ ಯಾಕೆ ಒಳ್ಳೆಯದು? ಅದರಲ್ಲಿರುವುದು ಇವತ್ತು ಅಂಗಡಿಯಲ್ಲಿ ಸಿಗುವ ಬಟ್ಟೆ ಸೋಡಾದ ಅಂಶವೇ. ಅದು ನೀರಿನ ಸುಣ್ಣವನ್ನು ಮೊದಲೇ ಕಟ್ಟಿ ಕೂರಿಸುತ್ತದೆ, ಆಮೇಲೆ ಹಾಕಿದ ಸೋಪು ಪೂರ್ತಿ ಕೊಳೆಯ ಕೆಲಸಕ್ಕೇ ಸಿಗುತ್ತದೆ. ಗಡಸು ನೀರಿನ ಮನೆಯಲ್ಲಿ ನೆನೆಹಾಕುವಾಗ ಒಂದು ಚಮಚೆ ಬಟ್ಟೆ ಸೋಡಾ ಹಾಕಿ, ಆಮೇಲೆ ಪುಡಿ ಹಾಕುವುದು ಈಗಲೂ ಅಗ್ಗದ ಉಪಾಯ. ರೇಷ್ಮೆ, ಉಣ್ಣೆಗೆ ಮಾತ್ರ ಸೋಡಾ ತಾಕಿಸಬಾರದು. ಅವಕ್ಕೆ ಅಂಟುವಾಳ ಕಾಯಿ.

ಸಾಫ್ಟ್‌ನರ್ ಎಂಬ ಯಂತ್ರವನ್ನೂ ಮಾರುತ್ತಾರೆ. ಅದು ಸುಣ್ಣವನ್ನು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ, ಆಗಾಗ ಉಪ್ಪುನೀರಿನಿಂದ ತೊಳೆಯಬೇಕಾಗುತ್ತದೆ. ಆ ಉಪ್ಪುನೀರನ್ನು ಎರಿ ಮಣ್ಣಿಗೆ ಬಿಟ್ಟರೆ ಹಿತ್ತಲು ಹಾಳು. ಅದರ ಬದಲು ಮಾಳಿಗೆಯ ಕಡೆ ನೋಡಿ. ನಮ್ಮಲ್ಲಿ ವರ್ಷಕ್ಕೆ 700ರಿಂದ 800 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರಿನ ಆರ್‌ಸಿಸಿ ಮಾಳಿಗೆಯ ಮೇಲೆ ವರ್ಷಕ್ಕೆ 35 ಸಾವಿರ ಲೀಟರಿಗೆ ಕಡಿಮೆಯಿಲ್ಲದೆ ಬೀಳುತ್ತದೆ. ಅಷ್ಟನ್ನೂ ಹಿಡಿಯಲಾಗದು. ಒಗೆಯುವ ಜಾಗದ ಪಕ್ಕದಲ್ಲೇ ಮುಚ್ಚಳವಿರುವ ಒಂದು ತೊಟ್ಟಿ ಕಟ್ಟಿಸಿ ಮಾಳಿಗೆಯ ಪೈಪನ್ನು ಅದಕ್ಕೆ ತಿರುಗಿಸಿದರೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಳಿ ಬಟ್ಟೆಗಾದರೂ ಮೆದು ನೀರು ಸಿಗುತ್ತದೆ.

ನೀರಿನ ಅಳತೆಯನ್ನೂ ಒಮ್ಮೆ ಮಾಡಿ. 2019ರಲ್ಲಿ ಶುರುವಾದ ಜಲ ಜೀವನ ಮಿಷನ್ನಿನ ಗುರಿ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275. ಮೇಲಿನಿಂದ ಬಟ್ಟೆ ಹಾಕುವ ಪೂರ್ತಿ ಆಟೊಮ್ಯಾಟಿಕ್ ಮಷೀನು ಒಂದು ಸಲಕ್ಕೆ ನೂರು ಲೀಟರ್ ಆಸುಪಾಸು ಕುಡಿಯುತ್ತದೆ. ಅಂದರೆ ಮನೆಯ ದಿನದ ನೀರಿನಲ್ಲಿ ಮೂರನೇ ಒಂದು ಪಾಲು. ಮುಂದಿನಿಂದ ಹಾಕುವ ಮಷೀನು ಹೆಚ್ಚುಕಡಿಮೆ ಅದರ ಅರ್ಧದಲ್ಲಿ ಮುಗಿಸುತ್ತದೆ, ಆದರೆ ಅದಕ್ಕೆ ನಳದಲ್ಲಿ ರಭಸ ಬೇಕು. ರಭಸ ಟಾಕಿಯ ಗಾತ್ರದಿಂದ ಬರುವುದಿಲ್ಲ, ಎತ್ತರದಿಂದ ಬರುತ್ತದೆ. ನೀರು ಹತ್ತು ಮೀಟರ್ ಎತ್ತರದಲ್ಲಿದ್ದರೆ ಒಂದು ಬಾರ್ ಒತ್ತಡ. ಒಂದಂತಸ್ತಿನ ಮನೆಯ ಮೇಲಿನ ಟಾಕಿಯಿಂದ ಸಿಗುವುದು 0.3 ಬಾರ್ ಅಷ್ಟೇ. ಅನೇಕ ಮಷೀನುಗಳಿಗೆ ಅದು ಕಡಿಮೆ ಬಿದ್ದು, ಅರ್ಧ ತುಂಬಿ ನಿಂತು ಕೂಗತೊಡಗುತ್ತವೆ. ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ‘ಎಷ್ಟು ಒತ್ತಡ ಬೇಕು’ ಎಂದು ಕೇಳಿ. ಟಾಕಿಯನ್ನು ಮೂರು ನಾಲ್ಕು ಅಡಿ ಎತ್ತರಿಸಿದರೆ ಸಾಕೇ, ಸಣ್ಣ ಪಂಪು ಬೇಕೇ ಎಂಬುದು ಆಗಲೇ ತಿಳಿಯುತ್ತದೆ.

ಮಣ್ಣಿನ ಮಾಳಿಗೆಯ ಹಳೆಯ ಮನೆಯವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ. ಜಂತಿ, ತೊಲೆಗಳ ಮೇಲೆ ಅದನ್ನು ಹೊರಿಸುವುದು ಬೇಡವೇ ಬೇಡ. ಹಿತ್ತಲಲ್ಲಿ ಬೇರೆ ಕಂಬಗಳ ಮೇಲೆ ಟಾಕಿ ನಿಲ್ಲಿಸಿ.

ಈಗ ಕಲ್ಲಿಗೆ ಬರುತ್ತೇನೆ. ಮಷೀನು ಬಂದ ಮೇಲೂ ಒಗೆಯುವ ಕಲ್ಲು ಬೇಕೇ ಎಂದು ಹೊಸ ಮನೆ ಕಟ್ಟುವ ಹುಡುಗರು ಕೇಳುತ್ತಾರೆ. ಬೇಕು. ನಮ್ಮ ಮನೆಗಳಲ್ಲಿ ಕೌದಿ ಇದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೈಹೊಲಿಗೆಯಲ್ಲಿ ಹಿಡಿದ ಕೌದಿ ಒಣಗಿದ್ದಾಗಲೇ ಭಾರ, ನೆನೆದರೆ ಇಬ್ಬರು ಹಿಡಿದೆತ್ತಬೇಕು. ಏಳು ಕಿಲೋದ ಮಷೀನಿಗೆ ಅದನ್ನು ತುರುಕಿದರೆ ಒಂದೇ ಕಡೆ ಮುದ್ದೆಯಾಗಿ, ತಿರುಗುವಾಗ ಮಷೀನು ಗೋಡೆಗೆ ಬಡಿಯುತ್ತದೆ. ಮಹಾನವಮಿಗೆ ಮೊದಲು ಮನೆಯ ಹಾಸಿಗೆ, ಹೊದಿಕೆ, ಜಮಖಾನೆಗಳನ್ನೆಲ್ಲ ಬಂಡಿಯಲ್ಲಿ ಹೇರಿಕೊಂಡು ಹೊಳೆ, ಹಳ್ಳ, ಕಾಲುವೆಗೆ ಹೋಗುವ ಪದ್ಧತಿ ಇನ್ನೂ ಪೂರ್ತಿ ನಿಂತಿಲ್ಲ. ಹೊಳೆಗೆ ಹೋಗಲಾಗದ ಮನೆಗೆ ಒಗೆಯುವ ಕಲ್ಲೇ ಹೊಳೆ.

ದೊಡ್ಡವ್ವ ಕೌದಿ ಒಗೆಯುವುದನ್ನು ನಾನು ಹತ್ತಿರ ಕೂತು ನೋಡಿದ್ದೇನೆ. ಹಿಂದಿನ ರಾತ್ರಿಯೇ ನೆನೆಹಾಕಿದ ಕೌದಿಯನ್ನು ಕಲ್ಲಿನ ಮೇಲೆ ಎಳೆದುಕೊಂಡು, ಮೊದಲು ಮೊಣಕಾಲಿನಿಂದ ಅದುಮುತ್ತಾಳೆ. ಕರಿ ನೀರು ಸೋರಿ ಅವಳ ಪಾದದ ಸುತ್ತ ಹರಿದು ಬಾಗಿಲ ಕಡೆಗೆ ಹೋಗುತ್ತದೆ, ಅಲ್ಲಿಗೆ ವಾಟ ಇಲ್ಲದ್ದರಿಂದ ಮತ್ತೆ ಅವಳ ಕಾಲಿಗೇ ಬರುತ್ತದೆ. ಪ್ರತಿ ಸಲ ತಿರುವಿ ಹಾಕುವಾಗಲೂ ಎಡಗೈ ಸೊಂಟಕ್ಕೆ ಹೋಗುತ್ತದೆ. ಮೇಲೆದ್ದಾಗ ನೆಟ್ಟಗಾಗಲು ಗೋಡೆ ಹಿಡಿಯುತ್ತಾಳೆ. ಒಗೆಯುವುದನ್ನೇ ಕಾಯಕವಾಗಿಸಿಕೊಂಡ ಮಡಿವಾಳ ಮಾಚಿದೇವರ ದೇವರ ಹಿಪ್ಪರಗಿ ನಮಗೆ ದೂರದ ಊರೇನಲ್ಲ. ಅಂಥ ಸೀಮೆಯ ಮನೆಗಳಲ್ಲಿ ಒಗೆಯುವವಳ ಬೆನ್ನಿಗೆ ತಕ್ಕ ಎತ್ತರದ ಒಂದು ಕಲ್ಲು ಹಾಕಿಸುವುದು ನಮ್ಮಿಂದ ಆಗದೆ ಹೋದದ್ದು ನನಗೆ ನೋವಿನ ಸಂಗತಿ.

ಎತ್ತರದ ಲೆಕ್ಕ ಸುಲಭ. ಆ ಮನೆಯಲ್ಲಿ ಹೆಚ್ಚು ಒಗೆಯುವವರನ್ನು ನೆಟ್ಟಗೆ ನಿಲ್ಲಿಸಿ, ಕೈ ಸಡಿಲ ಬಿಡಲು ಹೇಳಿ. ಮಣಿಕಟ್ಟು ಎಲ್ಲಿಗೆ ಬರುತ್ತದೋ ಕಲ್ಲಿನ ಮೇಲ್ಮೈ ಅಲ್ಲಿಗೆ ಬರಲಿ. ಕೌದಿಗೆ ಇನ್ನೊಂದು ಹಾಸುಗಲ್ಲು ನೆಲದ ಮೇಲೆ, ನಾಲ್ಕು ಅಡಿಗೆ ಮೂರು ಅಡಿಯಾದರೂ ಇರಲಿ. ಕಲ್ಲಿನ ವಿಷಯದಲ್ಲಿ ನಾವು ಪುಣ್ಯವಂತರು. ಶಹಾಬಾದ್ ಫರಸಿ ಮನೆಬಾಗಿಲಲ್ಲೇ ಸಿಗುತ್ತದೆ. ಒಗೆಯುವ ಜಾಗಕ್ಕೆ ಪಾಲಿಶ್ ಮಾಡಿದ್ದು ಬೇಡ, ಸೋಪು ಬಿದ್ದರೆ ಜಾರುತ್ತದೆ. ಒರಟು ಫರಸಿಯೇ ಸರಿ. ಒಂದು ಎಚ್ಚರಿಕೆ: ಫರಸಿ ಸುಣ್ಣಕಲ್ಲಿನ ಜಾತಿ. ಬಚ್ಚಲು ತೊಳೆಯುವ ಆ್ಯಸಿಡ್ ಬಿದ್ದರೆ ನೊರೆಯೆದ್ದು ಕಲ್ಲು ಸವೆಯುತ್ತದೆ. ಮಷೀನಿನೊಳಗಿನ ಸುಣ್ಣ ತೆಗೆಯಲು ತಿಂಗಳಿಗೊಮ್ಮೆ ನಿಂಬೆ ಉಪ್ಪು ಹಾಕಿ ಖಾಲಿ ಓಡಿಸುವುದು ಒಳ್ಳೆಯದೇ. ಆ ನೀರೂ ಹುಳಿ, ಅದು ಫರಸಿಯ ಮೇಲೆ ಹರಿಯದೆ ನೇರ ಪೈಪಿಗೆ ಹೋಗಲಿ.

ಮಷೀನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಬಿಟ್ಟು ದಿನ ನೀರು ಬರುವ, ಕೊಡದಲ್ಲಿ ತುಂಬಿಸಬೇಕಾದ ಮನೆಗೆ ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಸಾಕು. ಒತ್ತಡದ ಗೊಡವೆ ಇಲ್ಲ, ಒಂದು ಸಲದ ಸೋಪುನೀರಿನಲ್ಲಿ ಬಿಳಿ ಬಟ್ಟೆ ಮುಗಿಸಿ ಅದರಲ್ಲೇ ಹೊಲದ ಬಟ್ಟೆ ಹಾಕಬಹುದು. ಟಾಕಿಯೂ ಒತ್ತಡವೂ ಇದ್ದವರು ಮುಂದಿನಿಂದ ಹಾಕುವುದನ್ನು ಕೊಂಡರೆ ನೀರು ಉಳಿಯುತ್ತದೆ. ಅದರ ನೀರು ಬಿಡುವ ಪೈಪನ್ನು ಮಾತ್ರ ನೆಲಕ್ಕೆ ಬಿಡಬೇಡಿ. ಎರಡು, ಎರಡೂವರೆ ಅಡಿ ಎತ್ತರದಲ್ಲಿ ಸಿಕ್ಕಿಸಬೇಕು, ಇಲ್ಲದಿದ್ದರೆ ಒಳಗೆ ತುಂಬಿದ ನೀರು ತಾನಾಗಿ ಹರಿದುಹೋಗಿ ಮಷೀನು ತುಂಬುತ್ತಲೇ ಇರುತ್ತದೆ. ಬಿಸಿನೀರಿನ ಬಟನ್ ಒತ್ತಿದರೆ ಎರಡು ಸಾವಿರ ವ್ಯಾಟಿನ ಹೀಟರ್ ಹತ್ತುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ಟಾಕಿಯ ನೀರೇ ಕೈ ಸುಡುವಷ್ಟು ಕಾದಿರುವಾಗ ಅದರ ಅಗತ್ಯವಿಲ್ಲ. ಗೃಹಜ್ಯೋತಿಯ 200 ಯೂನಿಟ್ ಮಿತಿಯೊಳಗೆ ಉಳಿಯಬೇಕೆನ್ನುವವರು ಇದನ್ನು ಗಮನಿಸಬೇಕು.

ವಿದ್ಯುತ್ತಿನ ವಿಷಯದಲ್ಲಿ ಉಳಿತಾಯ ನೋಡಬೇಡಿ. ಒದ್ದೆ ಕಾಲು, ಒದ್ದೆ ಕೈಯ ಜಾಗ ಅದು. ಸರಿಯಾದ ಅರ್ಥಿಂಗ್, 16 ಆಂಪಿಯರಿನ ಸಾಕೆಟ್, ಕರೆಂಟು ಸೋರಿದ ಕ್ಷಣ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಈ ಮೂರೂ ಇರಲೇಬೇಕು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿ. ಮಣ್ಣು ಒಣಗಿದರೆ ಅದು ಕೆಲಸ ಮಾಡುವುದಿಲ್ಲ. ಸಾಕೆಟ್ ಎದೆಯೆತ್ತರದಲ್ಲಿರಲಿ. ಹೊಳೆದಂಡೆಯ ಊರಿನವರು 2020ರ ಅಕ್ಟೋಬರಿನಲ್ಲಿ ಭೀಮೆ ಮನೆಯೊಳಗೆ ಬಂದದ್ದನ್ನು ನೆನಪಿಟ್ಟುಕೊಂಡು ಇನ್ನೂ ಎತ್ತರಿಸಲಿ, ಮಷೀನನ್ನೂ ಕಟ್ಟೆಯ ಮೇಲೆ ನಿಲ್ಲಿಸಲಿ.

ಒಣಗಿಸುವ ಯಂತ್ರ ನಮಗೆ ಬೇಕಿಲ್ಲ. 40 ಡಿಗ್ರಿ ದಾಟುವ ಬಿಸಿಲಿಗೆ ಧೋತರ ಅರ್ಧ ತಾಸಿನಲ್ಲಿ ಗರಿಗರಿಯಾಗುತ್ತದೆ. ನಮಗೆ ಬೇಕಾದದ್ದು ನೆರಳು. ಇಳಕಲ್ ಸೀರೆಯ ಬಣ್ಣ ಆ ಬಿಸಿಲಿನಲ್ಲಿ ಉಳಿಯದು. ಒಗೆಯುವ ಜಾಗದ ಮೇಲೆ ಅರ್ಧದಷ್ಟು ತಗಡು ಹಾಕಿಸಿ, ಅದರ ಕೆಳಗೆ ಎರಡು ಹಗ್ಗ ಕಟ್ಟಿದರೆ ಬೇಸಿಗೆಯಲ್ಲಿ ಸೀರೆಗೂ ಶ್ರಾವಣದ ಜಡಿಮಳೆಯಲ್ಲಿ ಮಕ್ಕಳ ಶಾಲೆ ಬಟ್ಟೆಗೂ ಆಗುತ್ತದೆ.

ದೊಡ್ಡವ್ವನ ಮನೆಯಲ್ಲಿ ಕೆಲಸ ಶುರುವಾದದ್ದು ಆ ಆಷಾಢದಲ್ಲಿ. ಗೌಂಡಿ ಕಾಕಾ ಮೊದಲು ಹಿತ್ತಲಲ್ಲಿ ಗುಂಡಿ ತೋಡಿಸಿದ. ಆರು ಅಡಿಗೆ ಗರಸು ಸಿಕ್ಕಿತು. ಆಮೇಲೆ ಪೈಪು, ಆಮೇಲೆ ಹಾಸು. ಫರಸಿ ಕೂರಿಸುವ ಮುಂಚಿನ ದಿನ ಅವನೇ ದೊಡ್ಡವ್ವನನ್ನು ಕರೆದು, ‘ಬೇ, ಒಂದ ಕೊಡ ನೀರ ತಂದ ಸುರುವು, ನೀ ಎಲ್ಲಿ ನಿಂತ ಒಗೀತೀದಿ ಅಲ್ಲೇ ಸುರುವು’ ಎಂದ. ಅವಳು ಸುರಿದಳು. ನೀರು ಒಂದು ಕ್ಷಣ ಹರಡಿಕೊಂಡು, ಬಾಗಿಲ ಕಡೆ ಹೋಗುವಂತೆ ಮಾಡಿ, ಮೂಲೆಗೆ ತಿರುಗಿತು. ಎಡಗಡೆ ಒಂದು ಅಂಗೈ ಅಗಲ ನಿಂತೇ ಇತ್ತು. ಕಾಕಾ ಅಲ್ಲಿ ಸೀಮೆಸುಣ್ಣದಿಂದ ಗುಂಡಗೆ ಗೆರೆ ಹಾಕಿದ. ಮರುದಿನ ಅಷ್ಟು ಜಾಗವನ್ನು ಕೆತ್ತಿ ಮತ್ತೆ ಮಾಲು ಹಾಕಿ, ಇನ್ನೊಂದು ಕೊಡ ತರಲು ಹೇಳಿದ.